ಹೊಸ್ತಿಲಾಚೆಯ ಎಡೆ

ಆ ಅಮಾವಾಸ್ಯೆಯ ದಿನ ನಾವು ಮಾಡಿದ ಕೆಲಸಗಳು ಇವು. ಅವ್ವ ಅಂಗಳ ಗುಡಿಸಿ ಸಗಣಿ ಸಾರಿಸಿದಳು, ಎಮ್ಮೆ ಹಿಂಡಿದಳು, ಒಲೆಗೆ ಕೆಮ್ಮಣ್ಣು ಬಳಿದಳು. ನಾನು ಸಣ್ಣ ಕೊಡದಲ್ಲಿ ಹದಿನಾಲ್ಕು ಸಲ ನೀರು ತಂದೆ. ಹದಿಮೂರು ಎಂದು ಅವ್ವ ಅಂದಳು, ಒಂದನ್ನು ನಾನು ದಾರಿಯಲ್ಲಿ ಚೆಲ್ಲಿದ್ದೆ. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಕಡಲೆಬೇಳೆ ಆರಿಸಿ ಬೇಯಿಸಲು ಹಾಕಿದಳು. ಆಮೇಲೆ ಇಬ್ಬರೂ ಕೂತು ಹೂರಣ ರುಬ್ಬಿದೆವು. ನಾನು ಗುಂಡುಕಲ್ಲು ತಿರುವಿದೆ, ಆಯಿ ಬೆರಳಿನಿಂದ ತಳ್ಳಿದಳು. ಅಜ್ಜನ ರುಮಾಲನ್ನೂ ಮುತ್ತಜ್ಜಿಯ ಇಳಕಲ್ ಸೀರೆಯನ್ನೂ ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದೆವು. ಊಟಕ್ಕೆ ಹಾಕುವ ಮುತ್ತಲ ಎಲೆಯ ಪತ್ರೋಳಿಗಳನ್ನು ನಾನು ಒರೆಸಿ ಒಂದರ ಮೇಲೊಂದು ಇಟ್ಟೆ. ಒಂದೇ ಒಂದು ಕೆಲಸ ಹಾಗೇ ಉಳಿದಿತ್ತು. ಸತ್ತವರ ಹೆಸರಿನಲ್ಲಿ ನೀರು ತುಂಬಿಡುವ ಹಿರಿಯರ ಕೊಡವನ್ನು ದೇವರ ಮಾಡದ ಮುಂದೆ ಇಟ್ಟು ಅದಕ್ಕೆ ಹೊಸ ಬಟ್ಟೆ ಸುತ್ತುವುದು ಗಂಡಸಿನ ಕೆಲಸ, ಅಪ್ಪನ ಕೆಲಸ. ಅಪ್ಪ ಊರಲ್ಲಿರಲಿಲ್ಲ. ಕೊಡ ಬೆಳಗಿನಿಂದ ಬರಿಮೈಯಲ್ಲೇ ಕೂತಿತ್ತು.

ನಮ್ಮ ಮನೆ ಅಳವಂಡಿಯಲ್ಲಿ, ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎಮ್ಮೆ, ಆಮೇಲೆ ಮನುಷ್ಯರು. ಎಮ್ಮೆಯ ಗೋದಲಿ ದಾಟಿ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯೊಂದರಿಂದ. ಆ ಬೆಳಕಿನ ಕಂಬ ಒಲೆಯಿಂದ ಬೀಸುಕಲ್ಲಿಗೆ ಸರಿದರೆ ಮಧ್ಯಾಹ್ನವಾಯಿತೆಂದು ಅರ್ಥ. ಪಡಸಾಲೆಯ ಒಂದು ಮೂಲೆಯಲ್ಲಿ, ಹಾಸುಗಲ್ಲಿನ ಕೆಳಗೆ, ಜೋಳ ತುಂಬುವ ಹಗೇವು. ಆ ನೆಲದೊಳಗಿನ ಕಣಜಕ್ಕೆ ನಾನು ತುಂಬ ಹೆದರುತ್ತಿದ್ದೆ. ಅಪ್ಪ ಪಡಸಾಲೆಯಲ್ಲೇ ಹುಡುಗರಿಗೆ ಕನ್ನಡ ಕಲಿಸುತ್ತಿದ್ದ. ನಿಜಾಮನ ರಾಜ್ಯ, ಸರ್ಕಾರಿ ಸಾಲೆಯಲ್ಲಿ ಉರ್ದು. ನಾನು ಸಾಲೆಗೆ ಹೋಗದಿದ್ದರೂ ಆ ಹುಡುಗರ ಬೆನ್ನ ಹಿಂದೆ ಕೂತು, ಅಕ್ಕಿ ಆರಿಸುತ್ತ ಆರಿಸುತ್ತ, ಓದುವುದನ್ನೂ ಬರೆಯುವುದನ್ನೂ ಕಲಿತುಬಿಟ್ಟಿದ್ದೆ.

ಸೋಮವಾರ ಸಂಜೆ ಮಾತ್ರ ದೊಡ್ಡವರು ಬರುತ್ತಿದ್ದರು. ಅಪ್ಪನಿಗೆ ಗಡಿಯಾಚೆ, ಬ್ರಿಟಿಷರ ಸೀಮೆಯಲ್ಲಿ, ಒಬ್ಬ ಗೆಳೆಯನಿದ್ದ. ಅವನು ಕೊಟ್ಟ ಇಂಗ್ಲಿಷ್ ಪುಸ್ತಕವೊಂದನ್ನು ಅಪ್ಪ ಕನ್ನಡದಲ್ಲಿ ನೋಟುಬುಕ್ಕಿಗೆ ಇಳಿಸುತ್ತಿದ್ದ, ವಾರವಿಡೀ ಬರೆದದ್ದನ್ನು ಸೋಮವಾರ ಓದುತ್ತಿದ್ದ. ಅದು ಇಟಲಿ ದೇಶದ ಒಬ್ಬ ಕವಿಯ ಕಥೆ. ಅವನ ಹೆಸರು ಆಯಿಯ ನಾಲಿಗೆಗೆ ಹೊರಳಲಿಲ್ಲ. ಅವಳು ಕವಿಯಪ್ಪ ಅಂದಳು, ನಮ್ಮ ಮನೆಯಲ್ಲಿ ಅದೇ ನಿಂತಿತು. ಆರು ನೂರು ವರ್ಷದ ಹಿಂದೆ ಸತ್ತವನು ಎಂದು ಅಪ್ಪ ಮೊದಲ ದಿನವೇ ಹೇಳಿದ್ದನಂತೆ. ಆ ದಿನ ನಾನು ಎಮ್ಮೆಗೆ ಹಿಂಡಿ ಕಲಸುತ್ತಿದ್ದೆ. ಹಾಗಾಗಿ ಬಹಳ ದಿನದವರೆಗೆ ಕವಿಯಪ್ಪ ಅಪ್ಪನ ಆ ಗಡಿಯಾಚೆಯ ಗೆಳೆಯನೇ ಎಂದು ನಾನು ತಿಳಿದಿದ್ದೆ. ಕವಿಯಪ್ಪ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಕೆಂಪು ಬಟ್ಟೆ ತೊಟ್ಟ ಒಬ್ಬ ಹುಡುಗಿಯನ್ನು ಕಂಡ, ಬದುಕಿರುವವರೆಗೂ ಅವಳಿಗಾಗಿಯೇ ಬರೆದ ಎಂದು ಅಪ್ಪ ಓದಿದ. ನನಗೂ ಒಂಬತ್ತು, ನನ್ನ ಹತ್ತಿರವೂ ಕೆಂಪು ಲಂಗವಿತ್ತು. ಅದನ್ನು ಹಾಕಿಕೊಂಡು ಬಾವಿಗೆ ಹೋಗುವಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಬೆವರುತ್ತಿದ್ದೆ. ಅವ್ವನಿಗೆ ಮಾತ್ರ ಆ ಭಾಗ ಹಿಡಿಸಲೇ ಇಲ್ಲ.

"ಲಗ್ನಾ ಮಾಡಿಕೊಂಡಾಕಿನ್ನ ಬಿಟ್ಟು ಮಂದಿ ಹುಡುಗಿ ಮ್ಯಾಲ ಬರದ್ನಾ? ಛಲೋ ಅದಾನ ನಿಮ್ಮ ಕವಿಯಪ್ಪ!"

ಅವನು ನರಕಕ್ಕೆ ಇಳಿದು ಬಂದ ಕತೆ ಎಲ್ಲರಿಗೂ ಹಿಡಿಸಿತು. ಸುತ್ತಿನೊಳಗೆ ಸುತ್ತು, ಕೆಳಗೆ ಕೆಳಗೆ ಹೋಗುವ ನರಕ. ಅಪ್ಪ ಅದನ್ನು ಮೆಟ್ಟಿಲುಬಾವಿಗೆ ಹೋಲಿಸಿದ. ನನ್ನ ಕಣ್ಣಿಗೆ ನಮ್ಮ ಹಗೇವೇ ಕಂಡಿತು. ಎಲ್ಲಕ್ಕಿಂತ ತಳದಲ್ಲಿ ಬೆಂಕಿಯಿಲ್ಲ, ಹೆಪ್ಪುಗಟ್ಟಿದ ನೀರು ಎಂದು ಅಪ್ಪ ಓದಿದಾಗ ಯಾರೂ ನಂಬಲಿಲ್ಲ. ನೀರು ಹೆಪ್ಪುಗಟ್ಟುವುದನ್ನು ನಮ್ಮಲ್ಲಿ ಕಂಡವರೇ ಇರಲಿಲ್ಲ. ಆಲಿಕಲ್ಲು ಬಿದ್ದ ಹೊಲ ಇದ್ದ ಹಾಗೆ ಎಂದು ಅಪ್ಪ ಹೇಳಬೇಕಾಯಿತು. ಅಲ್ಲಿಂದ ಮೇಲೆ ಒಂದು ಗುಡ್ಡ ಹತ್ತಬೇಕು; ಅದು ಕೊಪ್ಪಳದ ಕೋಟೆಗುಡ್ಡವೇ ಎಂದು ನಾನು ಒಬ್ಬಳೇ ತೀರ್ಮಾನ ಮಾಡಿಕೊಂಡೆ. ಕವಿಯಪ್ಪ ತನಗೆ ಆಗದವರನ್ನೆಲ್ಲ ಹೆಸರು ಹಿಡಿದು ನರಕದ ಒಂದೊಂದು ಸುತ್ತಿನಲ್ಲಿ ಕೂರಿಸಿದ್ದಾನೆ ಎಂದು ಅಪ್ಪ ಓದಿದ ದಿನ ಪಕ್ಕದ ಮನೆಯ ಗಂಗವ್ವ ಮುಂದಕ್ಕೆ ಸರಿದು ಕೂತಳು.

"ಮಾಸ್ತರ್ರ, ಗಡಿ ನಾಕಾದಾಗ ನನ್ನ ಬೆಲ್ಲದ ಗಂಟು ಬಿಚ್ಚಿ ಮೂಸಿ ನೋಡ್ಯಾನಲ್ರಿ, ಆ ಮೀಸಿಯಂವ, ಅಂವನ್ನ ಎಷ್ಟನೇ ಮೆಟ್ಟಲಕ್ಕ ಇಡಾಕ ಬರತೈತಿ?"

ಅಲ್ಲಿಂದ ಅದೊಂದು ಆಟವಾಯಿತು. ಯಾರನ್ನು ಯಾವ ಮೆಟ್ಟಿಲಿಗೆ ಇಡಬೇಕು ಎಂದು ಪ್ರತಿ ಸೋಮವಾರ ಪಡಸಾಲೆ ತುಂಬ ನಗು. ಆ ನಗು ಯಾರ ಕಿವಿಗೆ ಬಿತ್ತೋ ಗೊತ್ತಿಲ್ಲ. ಆಗ ದೊಡ್ಡ ಲಡಾಯಿ ನಡೆದಿತ್ತು, ಇಟಲಿಯವರು ವೈರಿಗಳ ಕಡೆಯಿದ್ದರು. ಮಾಸ್ತರರ ಮನೆಯಲ್ಲಿ ಒಬ್ಬ ಇಟಲಿಯವನು ಅದಾನ, ಸರ್ಕಾರದವರನ್ನು ನರಕಕ್ಕೆ ಕಳಿಸುವ ಮಸಲತ್ತು ಮಾಡ್ತಾನ ಎಂದು ಚಾಡಿ ಹೋಯಿತು. ಒಂದು ಬೆಳಿಗ್ಗೆ ಪೊಲೀಸ್ ಠಾಣೆಯ ಅಮೀನ ಇಬ್ಬರು ಜವಾನರೊಂದಿಗೆ ಬಂದ. ಅಡುಗೆಮನೆ ನೋಡಿದರು, ಹೊಟ್ಟಿನ ರಾಶಿಗೆ ಕೋಲು ಚುಚ್ಚಿದರು. ಕೊನೆಗೆ ಹಗೇವಿನ ಹಾಸುಗಲ್ಲು ಎಬ್ಬಿಸಿ, ಗಾಳಿ ಆಡುವವರೆಗೆ ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟರು. ಅಮೀನ ನೆಲದ ಮೇಲೆ ಬೋರಲು ಮಲಗಿ ಒಳಗೆ ಇಣುಕಿದ. ಅವನ ಟೋಪಿ ಜೋಳದೊಳಗೆ ಬಿತ್ತು. ಆಗ ಅಪ್ಪ ನಕ್ಕುಬಿಟ್ಟ.

"ಇನ್ನೂ ಕೆಳಗ ಇಳೀರಿ ಸಾಹೇಬ್ರ, ಅಲ್ಲೇ ಅದಾನ."

ಗಂಗವ್ವ ಕಿಟಕಿಯಲ್ಲಿ ನಕ್ಕಳು. ಜವಾನರೂ ನಕ್ಕರು. ಇಟಲಿಯವನು ಇಲ್ಲ ಎಂಬುದು ಅಮೀನನಿಗೂ ತಿಳಿಯಿತು, ಆದರೆ ಆ ನಗುವನ್ನು ಅವನಿಗೆ ಸಹಿಸಲಾಗಲಿಲ್ಲ. ಚಾವಡಿಯ ಮುಂದೆ ಹತ್ತು ಮಂದಿಯ ಎದುರು ಮಾಫಿ ಪತ್ರ ಬರೆದು ಓದಬೇಕು, ಇಲ್ಲವಾದರೆ ತಾಲೂಕಿನಲ್ಲಿ ಕಾಲಿಡಕೂಡದು ಎಂದು ಹುಕುಂ ಆಯಿತು. ಸತ್ತ ಕವಿಯ ಸಲುವಾಗಿ ನಕ್ಕದ್ದಕ್ಕೆ ಮಾಫಿ ಹೇಗೆ ಬರೆಯುವುದು ಎಂದು ಅಪ್ಪ ಅಂದ. ಎರಡು ಧೋತರ, ನಾಲ್ಕು ದಿನಕ್ಕಾಗುವಷ್ಟು ಕಟಿರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹುಸೇನಸಾಬನ ಬಂಡಿ ಹತ್ತಿದ. ಹುಸೇನಸಾಬ ಹತ್ತಿ ಹೇರಿಕೊಂಡು ಗಡಿ ದಾಟಿ ಹೋಗಿಬರುವ ನಮ್ಮೂರ ಬಂಡಿಕಾರ. ಗಡಿಯಾಚೆಯ ಗೆಳೆಯನ ಊರಿಗೆ ಅರ್ಧ ದಿನದ ಹಾದಿ. ನೋಟುಬುಕ್ಕು ಗೋಡೆಯ ಮಾಡದಲ್ಲೇ ಉಳಿಯಿತು.

ಆಮೇಲೆ ನನಗೆ ಎಲ್ಲವೂ ಕಲಸಿಹೋಯಿತು. ಯಾಕೆಂದರೆ ನೋಟುಬುಕ್ಕಿನಲ್ಲಿ ಕವಿಯಪ್ಪನನ್ನೂ ಅವನ ಊರಿನವರು ಹೊರಗೆ ಹಾಕಿದ್ದರು. ತಿರುಗಿ ಬಂದರೆ ಸುಡುತ್ತೇವೆ ಅಂದಿದ್ದರು. ವರ್ಷಗಳಾದ ಮೇಲೆ, ತಪ್ಪಾಯಿತು ಅಂತ ಎಲ್ಲರೆದುರು ಒಪ್ಪಿಕೊಂಡರೆ ಬರಬಹುದು ಎಂದು ಹೇಳಿ ಕಳಿಸಿದ್ದರು. ಅವನು ಒಲ್ಲೆ ಅಂದಿದ್ದ. ಅಪ್ಪ ಬರೆದದ್ದು ಮೊದಲೋ, ಅಪ್ಪನಿಗೆ ಆದದ್ದು ಮೊದಲೋ? ಅಪ್ಪ ಬರೆದದ್ದರಿಂದಲೇ ಹೀಗಾಯಿತೋ? ರೊಟ್ಟಿ ಹಿಟ್ಟು ಸೋಸುವಾಗ ಇದನ್ನೇ ಯೋಚಿಸಿ ಜರಡಿಯನ್ನು ಮಗುಚಿ ಹಾಕುತ್ತಿದ್ದೆ. ಅವ್ವನಿಗೆ ಮಾತ್ರ ಗೊಂದಲವೇ ಇರಲಿಲ್ಲ. ತನ್ನ ಗಂಡನ ತಲೆ ಕೆಡಿಸಿದವನು ಕವಿಯಪ್ಪ. ಹದಿನೈದು ದಿನಕ್ಕೊಮ್ಮೆ ಹುಸೇನಸಾಬನ ಕೈಯಲ್ಲಿ ಪತ್ರ. ಅವ್ವ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಎಮ್ಮೆ ಕರು ಹಾಕಿತು. ಮಾಳಿಗೆ ಸೋರಿತು, ಮಣ್ಣು ಹಾಕಿಸಿದೆವು. ಮಾಫಿ ಬರೆದು ಬರ್ರಿ. ಪ್ರತಿ ಪತ್ರದ ಕೊನೆಗೂ ಅದೇ ಸಾಲು. ಅಪ್ಪನ ಉತ್ತರದಲ್ಲಿ ನಮ್ಮ ಕ್ಷೇಮ ವಿಚಾರಿಸಿ ಎರಡು ಸಾಲು, ಕವಿಯಪ್ಪನ ಮೇಲೆ ಒಂದು ಪುಟ. ಒಮ್ಮೆ ಅವ್ವ ರೇಗಿದಳು.

"ಆ ಕವಿಯಪ್ಪನ ಹೆಂಡ್ತಿ ಏನಾದ್ಳಂತ ಕೇಳಿ ಬರಿ. ಅದನ್ನ ಎಲ್ಲೂ ಓದಲಿಲ್ಲ ನಿಮ್ಮಪ್ಪ."

ಉತ್ತರ ಬಂತು. ಅವಳು ಮಕ್ಕಳನ್ನು ಕಟ್ಟಿಕೊಂಡು ಆ ಊರಿನಲ್ಲೇ ಉಳಿದಳಂತೆ. ಕವಿಯಪ್ಪ ಸಾವಿರ ಸಾವಿರ ಸಾಲು ಬರೆದ, ಅವಳ ಮೇಲೆ ಒಂದೂ ಬರೆಯಲಿಲ್ಲವಂತೆ. ಓದಿ ಹೇಳಿದೆ. ಅವತ್ತು ಅವ್ವ ಬಡಿದ ರೊಟ್ಟಿಯ ಸಪ್ಪಳ ಗಂಗವ್ವನ ಮನೆಗೆ ಕೇಳಿಸಿತ್ತು.

ಹಾಗಾದರೆ ನಾವೇ ಯಾಕೆ ಅಪ್ಪನ ಹತ್ತಿರ ಹೋಗಲಿಲ್ಲ? ಅವ್ವ ಕೇಳದೆ ಇರಲಿಲ್ಲ. ಆಯಿಯ ಮಾತು ಒಂದೇ: ಹಿರಿಯರ ಕೊಡ ಇರುವ ಮನೆಯ ಒಲೆ ಆರಕೂಡದು. ಮನೆ ಬಿಟ್ಟು ಹೋದರೆ ಅವನು ತಿರುಗಿ ಯಾತಕ್ಕೆ ಬಂದಾನು? ಅವ್ವನೂ ಅದಕ್ಕೇ ಹೆದರುತ್ತಿದ್ದಳು.

ಶ್ರಾವಣಕ್ಕೆ ಮುಂಚೆ ಒಂದು ಮಧ್ಯಾಹ್ನ ಅವ್ವ ಅಡುಗೆಮನೆಗೆ ನನ್ನನ್ನು ಕರೆದಳು. ಅವಳ ಮಡಿಲಲ್ಲಿ ಆ ನೋಟುಬುಕ್ಕಿತ್ತು.

"ಕಡೀ ಹಾಳಿ ಓದಿ ಹೇಳು. ಅಂವ ಊರಿಗೆ ಬಂದ್ನೋ ಇಲ್ಲೋ?"

ಬೆಳಕಿಂಡಿಯ ಕೆಳಗೆ ನಿಂತು ಓದಿದೆ. ಮನಸ್ಸಿನಲ್ಲೇ ಓದಿದೆ. ಕವಿಯಪ್ಪ ಬೇರೆ ಊರಿನಲ್ಲಿ ಸತ್ತ. ಸತ್ತ ಮೇಲೆ ಅವನ ಊರಿನವರು ಮೂಳೆಯನ್ನಾದರೂ ಕೊಡಿ ಎಂದು ಕೇಳಿದರು, ಆ ಊರಿನವರು ಕೊಡಲಿಲ್ಲ. ತಲೆ ಎತ್ತಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು, ಕೈಯಲ್ಲಿ ಅರ್ಧ ಹೆಚ್ಚಿದ ಬದನೆಕಾಯಿ.

"ಬಂದ" ಅಂದೆ.

"ಮಾಫಿ ಬರದು ಬಂದ್ನೋ, ಬರೀದ ಬಂದ್ನೋ?"

"ಬರೀದ. ಊರಾಗಿನವರ ಬಂದು ಕರ್ಕೊಂಡು ಹೋದ್ರು."

ಯಾಕೆ ಹಾಗೆ ಹೇಳಿದೆನೋ. ಅವ್ವನ ಮುಖ ತಿಳಿಯಾಯಿತು, ಬದನೆಕಾಯಿ ಹೆಚ್ಚತೊಡಗಿದಳು. ಅಲ್ಲಿಂದ ಮೂರು ತಿಂಗಳು ಪತ್ರದ ಕೊನೆಯ ಸಾಲು ನಿಂತುಹೋಯಿತು. ಬಾಗಿಲಿಗೆ ಮುಖ ಮಾಡಿ ರೊಟ್ಟಿ ಬಡಿಯುವಂತೆ ಒಲೆಯ ಪಕ್ಕಕ್ಕೆ ಹಿಟ್ಟು ನಾದುವ ಕೊಮ್ಮಣಿಗೆ ಸರಿಸಿಕೊಂಡಳು. ಊರವರು ಬಂದು ಕರೆಯುತ್ತಾರೆ ಎಂದು ಅವಳು ಕಾದಳು. ನಾನು ಕಾಯಿಸಿದೆ. ಎಲ್ಲರೂ ಮಲಗಿದ ಮೇಲೂ ಅವಳು ಕದದ ಅಗಳಿ ಹಾಕದೆ ಕೂತಿರುತ್ತಿದ್ದಳು. ನಿಜ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ದಿನಾ ನೀರು ತರಲು ಹೋಗಿಬಿಡುತ್ತಿದ್ದೆ.

ಈಗ ಆ ಅಮಾವಾಸ್ಯೆಗೆ ಬರುತ್ತೇನೆ. ಮಹಾನವಮಿಯ ಹಿಂದಿನ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಅವರವರು ಇಷ್ಟಪಟ್ಟದ್ದನ್ನು ಮಾಡಿ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಅಜ್ಜನಿಗೆ ಹೋಳಿಗೆಯ ಮೇಲೆ ಬೆಲ್ಲದ ಪಾನಕ, ಮುತ್ತಜ್ಜಿಗೆ ಸಜ್ಜೆ ರೊಟ್ಟಿ, ಪುಂಡಿ ಪಲ್ಯ. ಎರಡು ಕಟ್ಟಳೆಗಳಿದ್ದವು. ಸತ್ತವರ ಎಡೆಗೆ ಉಪ್ಪು ಬಡಿಸುವುದಿಲ್ಲ; ಪತ್ರೋಳಿಯ ತುದಿಗೆ ಚಿಟಿಕೆ ಉಪ್ಪು ಬದುಕಿರುವವರಿಗೆ ಮಾತ್ರ. ಇನ್ನೊಂದು, ಊರಾಚೆ ಸತ್ತವರಿಗೆ ಮನೆಯೊಳಗೆ ಎಡೆಯಿಲ್ಲ, ಹೊಸ್ತಿಲಾಚೆ ಕಟ್ಟೆಯ ಮೇಲೆ. ದಾರಿ ತಪ್ಪಿದವರು ಒಳಗೆ ಬರಲು ಸಂಕೋಚಪಡುತ್ತಾರೆ ಎಂದು ಆಯಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಹಾಗೆ ಸತ್ತವರು ಯಾರೂ ಇರಲಿಲ್ಲ. ಆದರೂ ಅವತ್ತು ಆಯಿ ಒಂದು ಪತ್ರೋಳಿ ಹೆಚ್ಚಿಗೆ ತೆಗೆದುಕೊಂಡಳು. ಅವ್ವ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು.

"ಇದು ಯಾರಿಗೆ ಆಯಿ?"

"ಕವಿಯಪ್ಪಗ. ಪಾಪ, ಪರ ಊರಾಗ ಸತ್ತಾನ. ಅವರ ದೇಶದಾಗ ಎಡಿ ಇಡ್ತಾರೋ ಇಲ್ಲೋ. ನಮ್ಮ ಪಡಸಾಲ್ಯಾಗ ವರ್ಷಗಟ್ಲೆ ಕುಂತು ಹೋದಂವ."

ನಾನು ತಟ್ಟನೆ ಅಡುಗೆಮನೆಯ ಕಡೆ ನೋಡಿದೆ. ಆಯಿಗೆ ಗೊತ್ತಿತ್ತು. ಬಂಡಿ ಹತ್ತುವ ದಿನ ಅಪ್ಪನೇ ಕಥೆಯ ಕೊನೆಯನ್ನು ಅವಳಿಗೆ ಹೇಳಿ ಹೋಗಿದ್ದನಂತೆ.

"ಅಂವಗ ಏನ ಸೇರತಿತ್ತು? ಬರದಾನೇನ್ ನಿಮ್ಮಪ್ಪ?"

ನೋಟುಬುಕ್ಕಿನಲ್ಲಿ ಒಂದು ಕಡೆ ಇತ್ತು. ಜನ ಹೇಳುವ ಕಥೆ ಎಂದು ಅಪ್ಪ ಪಕ್ಕದಲ್ಲಿ ಗೀರಿದ್ದ. ಕಲ್ಲಿನ ಮೇಲೆ ಕೂತಿದ್ದ ಕವಿಯಪ್ಪನನ್ನು ದಾರಿಹೋಕನೊಬ್ಬ, ಎಲ್ಲಕ್ಕಿಂತ ರುಚಿಯಾದದ್ದು ಯಾವುದು ಎಂದು ಕೇಳಿದ. ಕೋಳಿಯ ತತ್ತಿ ಅಂದ ಕವಿಯಪ್ಪ. ಒಂದು ವರ್ಷದ ಮೇಲೆ ಅದೇ ಮನುಷ್ಯ ಅದೇ ದಾರಿಯಲ್ಲಿ ಬಂದು, ಯಾತರ ಜೊತೆಗೆ ಎಂದು ಕೇಳಿದ. ಉಪ್ಪಿನ ಜೊತೆಗೆ ಅಂದ. ಹೇಳಿದೆ. ಆಯಿ ಕಿವಿ ಮುಚ್ಚಿಕೊಂಡಳು.

"ಶಿವ ಶಿವಾ, ತತ್ತಿ! ನಮ್ಮ ಮನ್ಯಾಗ ತತ್ತೀನ! ಉಪ್ಪು ಇಡ್ತೀನಿ. ತತ್ತಿ ಬೇಕಾದ್ರ ಅಂವನ ತಂದುಕೊಳ್ಳಲಿ."

ಅನ್ನ, ಹೋಳಿಗೆ, ಬದನೆಕಾಯಿ, ಪತ್ರೋಳಿಯ ತುದಿಗೆ ಒಂದು ಹಿಡಿಯೇ ಅನ್ನುವಷ್ಟು ಹರಳುಪ್ಪು. ಎಡೆಯನ್ನು ಹೊಸ್ತಿಲಾಚೆ ಇಟ್ಟು ಆಯಿ ಎಮ್ಮೆಯನ್ನು ಹಿತ್ತಲಿಗೆ ಕಟ್ಟಲು ಹೋದಳು. ಅಷ್ಟರಲ್ಲಿ ಗಂಗವ್ವ ಹೋಳಿಗೆಗೆ ತುಪ್ಪ ಕೇಳಿಕೊಂಡು ಬಂದಳು. ಹೊಸ್ತಿಲ ಹೊರಗಿನ ಎಡೆ ಕಂಡದ್ದೇ ಬಾಯಿ ಬಾಯಿ ಬಡಿದುಕೊಂಡಳು.

"ಎವ್ವಾ ನನ್ನವ್ವಾ! ಮಾಸ್ತರ್ರು ಹೋದ್ರೇನ? ಯಾವಾಗ ಸುದ್ದಿ ಬಂತ?"

ಅವ್ವ ಒಳಗಿನಿಂದ ಓಡಿ ಬಂದಳು, ಕೈತುಂಬ ಕಣಕ. ಗಂಗವ್ವನನ್ನು ನೋಡಿದಳು, ಎಡೆಯನ್ನು ನೋಡಿದಳು. ಊರಾಚೆ ಇದ್ದವನು ನಮ್ಮ ಮನೆಗೆ ಒಬ್ಬನೇ. ಅವಳ ಕೈ ಗೋಡೆಗೆ ಹೋಯಿತು. ಆ ಕಣಕದ ಐದು ಬೆರಳಿನ ಗುರುತು ಆ ಗೋಡೆಯ ಮೇಲೆ ಬಹಳ ದಿನ ಇತ್ತಂತೆ.

"ಅಪ್ಪಗಲ್ಲ ಅವ್ವಾ!" ನಾನು ಕೂಗಿದೆ. "ಕವಿಯಪ್ಪಗ!"

ಅವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಕವಿಯಪ್ಪ ಊರಿಗೆ ಬಂದ್ನಲ್ಲ. ನೀನ ಓದಿದೆಲ್ಲ."

ನೀರು ತರಲು ಓಡಿಹೋಗಲು ಅವತ್ತು ಕೊಡ ಖಾಲಿಯಿರಲಿಲ್ಲ.

"ಬರಲಿಲ್ಲ ಅವ್ವಾ. ಅಲ್ಲೇ ಸತ್ತ."

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಕಣ್ಣು ತೆರೆದರೆ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ಹೊಸ್ತಿಲ ಮೇಲೆ ಕೂರಬಾರದು ಎಂದು ನನಗೆ ನೂರು ಸಲ ಬೈದವಳು. ಆಯಿ ಹಿತ್ತಲಿಂದ ಬಂದಾಗ ಅವ್ವ ಎದ್ದೇಳಲಿಲ್ಲ.

"ಬದುಕಿದ ಗಂಡಸಿನ ಮನಿ ಮುಂದ ಸತ್ತವರ ಎಡಿ ಇಡ್ತೀರೇನ್ರಿ ಅತ್ತಿ? ಸಂಜಿಗೆ ಊರೆಲ್ಲಾ ನನ್ನ ಕುಂಕುಮ ನೋಡಾಕ ಬರತೈತಿ."

ಆಯಿ ಗಂಗವ್ವನನ್ನು ನೋಡಿದಳು, ತುಪ್ಪದ ಬಟ್ಟಲನ್ನು ನೋಡಿದಳು.

"ಕಣ್ಣ ಹಾಕಿ ನೋಡು ಎಡಿಯಾಗ. ಉಪ್ಪು ಐತಿಲ್ಲೋ? ಸತ್ತವರಿಗೆ ಯಾರರೇ ಉಪ್ಪು ಇಡ್ತಾರೇನ? ಗಂಗೀ, ನೀನೂ ಬಗ್ಗಿ ನೋಡು, ಊರಿಗೆ ಹೇಳಾಕಿ ನೀನ. ಇದು ಬದುಕಿದವನ ಎಡಿ. ನನ್ನ ಮಗಂದು."

ಗಂಗವ್ವ ಬಗ್ಗಿ ನೋಡಿ, "ಹೌದ್ ಬಿಡವಾ, ಉಪ್ಪೈತಿ. ಅದೂ ಭಾಳ ಐತಿ" ಅಂದು, ತುಪ್ಪ ಮರೆತು ಹೋದಳು.

ನನ್ನೆದುರಿಗೆ ತತ್ತಿಗೆಂದು ಇಟ್ಟ ಉಪ್ಪು ಅದು. ಆಯಿ ಆ ಗಳಿಗೆಯಲ್ಲಿ ಮಾತು ತಿರುಗಿಸಿದಳೋ, ಮೊದಲಿನಿಂದಲೂ ಮಗನಿಗೆಂದೇ ಇಟ್ಟು ನನಗೆ ಕವಿಯಪ್ಪನ ನೆವ ಹೇಳಿದಳೋ, ಅಥವಾ ಅವಳಿಗೂ ಇಬ್ಬರೂ ಕಲಸಿಹೋಗಿದ್ದರೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. ನಿನಗ ಯಾವದು ಬೇಕೋ ಅದನ್ನ ತಿಳಕೋ ಅಂದಳು.

ಅವ್ವ ಮಾತ್ರ ಬಹಳ ಹೊತ್ತು ಆ ಉಪ್ಪನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, ಯಾರನ್ನೆಂದು ಗೊತ್ತಾಗದ ಹಾಗೆ.

"ಆಕಿ ಯಾಕ ಹೋಗಲಿಲ್ಲ? ಅವನ ಹೆಂಡ್ತಿ?"

"ಮಕ್ಕಳಿದ್ದುವಂತ. ಮನಿ ಇತ್ತಂತ" ಅಂದಳು ಆಯಿ.

"ಅದಕ್ಕ ಒಂದ ಸಾಲೂ ಸಿಗಲಿಲ್ಲ ಆಕಿಗೆ."

ಹಾಗೆಂದವಳೇ ಎಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಅನ್ನಕ್ಕೆ ಬದನೆಕಾಯಿ ಕಲಸಿ, ಉಪ್ಪನ್ನು ಹಚ್ಚಿಕೊಂಡು, ಹೊಸ್ತಿಲ ಮೇಲೆ ಕೂತೇ ಉಂಡಳು. ಬೀದಿಯಲ್ಲಿ ಹೋಗುವವರು ನೋಡಿಕೊಂಡು ಹೋದರು. ಹಿರಿಯರ ಊಟವಾಗುವ ಮೊದಲು ಸೊಸೆ ಉಣ್ಣುವುದನ್ನು ನಮ್ಮ ಮನೆ ಅಲ್ಲಿಯವರೆಗೆ ಕಂಡಿರಲಿಲ್ಲ. ಆಯಿ ತಡೆಯಲಿಲ್ಲ. ಕೊನೆಯ ತುತ್ತಿನ ಮೇಲೆ ಅವ್ವ ನನಗೆ ಹೇಳಿದಳು.

"ಹುಸೇನಸಾಬಗ ಹೇಳಿ ಬಾ. ನಾಳೆ ನಸುಕಿನ್ಯಾಗ ಬಂಡಿ ಹೂಡಲಿ. ಪತ್ರ ಬ್ಯಾಡ, ಮಾಫೀನೂ ಬ್ಯಾಡ. ನಾವ ಹೋಗೂಣು."

"ನಾಳೆ ಮಣ್ಣಾಗ ಕಾಳು ಬಿತ್ತಿ ಮಹಾನವಮಿ ಘಟ ಹಾಕೂದೈತಿ" ಅಂದಳು ಆಯಿ. ಅವಳ ದನಿಯಲ್ಲಿ ಜೋರಿರಲಿಲ್ಲ.

"ಅಲ್ಲೇ ಹಾಕೂಣು. ಅಲ್ಲೇನು ಮಣ್ಣಿಲ್ಲೇನ್ರಿ?"

"ಹಿರ್ಯಾರ ಕೊಡ?"

ಅವ್ವ ಎದ್ದು ಕೈ ತೊಳೆದುಕೊಂಡಳು. ಒಳಗೆ ಹೋಗಿ ಪೆಟ್ಟಿಗೆಯಿಂದ ಅಪ್ಪನ ಹೊಸ ಧೋತರ ತೆಗೆದು, ಬೆಳಗಿನಿಂದ ಬರಿಮೈಯಲ್ಲಿ ಕೂತಿದ್ದ ಕೊಡಕ್ಕೆ ತಾನೇ ಸುತ್ತಿದಳು. ಗಂಡಸು ಸುತ್ತುವ ಹಾಗೆ ನೆರಿಗೆ ಬರಲಿಲ್ಲ, ಸೀರೆ ಉಡಿಸಿದ ಹಾಗೆ ಆಯಿತು. ಆಯಿ ಹತ್ತಿರ ಹೋಗಿ ಸೆರಗಿನಂತೆ ನಿಂತಿದ್ದ ತುದಿಯನ್ನು ಒಳಗೆ ಸಿಕ್ಕಿಸಿದಳು.

"ತೊಡಿ ಮ್ಯಾಲ ಇಟಗೊಂಡು ಕುಂದರತೀನಿ. ದಾರ್ಯಾಗ ಕುಲುಕಾಡಿ ಚೆಲ್ಲಿದ್ರ ನನ್ನ ಬೈಬ್ಯಾಡ."

ಹುಸೇನಸಾಬ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಮೂವರು ಹೆಣ್ಣುಮಕ್ಕಳು, ಒಂದು ಕೊಡ ಎಂದು ಹೇಳಿದೆ. ಅವನು ನಕ್ಕು, "ಮಾಸ್ತರ್ರು ಹನ್ನೊಂದು ತಿಂಗಳಿಂದ ಗಡಿ ಕಟ್ಟಿ ಮ್ಯಾಲ ಕುಂತು ನನ್ನ ಬಂಡ್ಯಾಗ ಇಣಿಕಿ ನೋಡ್ತಾರವ್ವ. ಬರೀ ಹತ್ತಿ ಇರತಿತ್ತು" ಅಂದ. ಓಡಿ ಬಂದು ಆ ಮಾತನ್ನು ಅವ್ವನಿಗೆ ಹೇಳಿದೆ. ಈ ಸಲ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಅವಳು ನಂಬಿದಳೋ ಇಲ್ಲವೋ, ಇನ್ನೊಮ್ಮೆ ಹೇಳು ಅಂದಳು. ಎಮ್ಮೆ, ಕರುಗಳನ್ನು ಗಂಗವ್ವನಿಗೆ ಒಪ್ಪಿಸಿದೆವು. ಅವಳು ಆಗ ಬಂದು ತುಪ್ಪ ಒಯ್ದಳು. ನೋಟುಬುಕ್ಕನ್ನು ಅವ್ವ ರೊಟ್ಟಿಯ ಗಂಟಿನ ತಳಕ್ಕೆ ಇಟ್ಟಳು, ತಾನು ಇಟ್ಟಿಲ್ಲವೆಂಬಂತೆ.

ಅವತ್ತು ಉಂಡದ್ದು ಹೋಳಿಗೆ, ತುಪ್ಪ, ಬದನೆಕಾಯಿ, ಪುಂಡಿ ಪಲ್ಯ, ಸಜ್ಜೆ ರೊಟ್ಟಿ, ಅನ್ನ, ಕಟ್ಟಿನ ಸಾರು. ನಾನು ಹೋಳಿಗೆ ಮೂರು ತಿಂದೆ. ಆಯಿ ಅರ್ಧ ತಿಂದು ಅರ್ಧವನ್ನು ದಾರಿಗೆಂದು ಕಟ್ಟಿದಳು. ಊಟವಾಗುವ ಹೊತ್ತಿಗೆ ಬೆಳಕಿಂಡಿಯ ಬಿಸಿಲು ಬೀಸುಕಲ್ಲು ದಾಟಿ ಗೋಡೆ ಹತ್ತಿತ್ತು. ನಾನೂ ಆಯಿಯೂ ಪಾತ್ರೆ ತೊಳೆದು ಒಳಗೆ ಬಂದರೆ, ಹನ್ನೊಂದು ತಿಂಗಳು ಎಲ್ಲರಿಗಿಂತ ಕೊನೆಗೆ ಮಲಗಿದ್ದ ಅವ್ವ ಪಡಸಾಲೆಯ ಬರಿನೆಲದ ಮೇಲೆ, ಹಗೇವಿನ ಹಾಸುಗಲ್ಲಿಗೆ ತಲೆಯಿಟ್ಟು, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.